ಉಸಿರಿಗೊಂದು ತೂತು

ಬಾವಿಗೆ ಕೊಡ ಬಿಟ್ಟು ಗೊತ್ತಿರುವವರಿಗೆ ಸಬ್‌ಮರೀನ್ ಹೇಗೆ ಮುಳುಗುತ್ತದೆಂದು ವಿವರಿಸುವುದು ಕಷ್ಟವಲ್ಲ. ಖಾಲಿ ಕೊಡ ನೀರಿನ ಮೇಲೆ ತೇಲುತ್ತದೆ. ಹಗ್ಗವನ್ನು ಒಂದು ಸಲ ಜಗ್ಗಿ ಬಾಯಿ ಓರೆ ಮಾಡಿದರೆ ಗುಳುಗುಳು ನೀರು ಕುಡಿದು ಕೆಳಗಿಳಿಯುತ್ತದೆ. ಸಬ್‌ಮರೀನೂ ಅಷ್ಟೇ, ಪಕ್ಕೆಯ ತೊಟ್ಟಿಗಳಿಗೆ ನೀರು ಕುಡಿದು ಮುಳುಗುತ್ತದೆ. ವ್ಯತ್ಯಾಸ ಇರುವುದು ಮೇಲೆ ಬರುವುದರಲ್ಲಿ. ಕೊಡವನ್ನು ಯಾರಾದರೂ ಸೇದಬೇಕು. ಸಬ್‌ಮರೀನ್ ಒತ್ತಿಟ್ಟ ಗಾಳಿಯನ್ನು ತೊಟ್ಟಿಗಳಿಗೆ ಊದಿ, ಕುಡಿದ ನೀರನ್ನು ತಾನೇ ಉಗುಳಿ ಮೇಲೇಳುತ್ತದೆ. ತೊಟ್ಟಿಗಳು ಮಾತ್ರ ನೀರು ಕುಡಿಯಬೇಕು, ಮನುಷ್ಯರಿರುವ ಹೊಟ್ಟೆ ಒಂದು ಹನಿಯನ್ನೂ ಕುಡಿಯಕೂಡದು. ಸಬ್‌ಮರೀನ್ ವಿನ್ಯಾಸಕರ ತಲೆನೋವೆಲ್ಲ ಇರುವುದು ಇಲ್ಲಿಯೇ.

1920ರ ಸೆಪ್ಟೆಂಬರ್ 1ರ ಮಧ್ಯಾಹ್ನ, ಅಮೆರಿಕದ ಪೂರ್ವ ಕರಾವಳಿಯಲ್ಲಿ ಡೆಲವೇರ್ ಕೊಲ್ಲಿಯ ಬಾಯಿಯಿಂದ ಐವತ್ತು ಚಿಲ್ಲರೆ ಮೈಲಿ ಆಚೆ, ಎಸ್-5 ಎಂಬ ಸಬ್‌ಮರೀನಿನ ಹೊಟ್ಟೆಗೇ ನೀರು ನುಗ್ಗಿತು. ನೌಕಾಪಡೆಗೆ ಸೇರಿ ಅದಕ್ಕೆ ಇನ್ನೂ ಆರು ತಿಂಗಳಾಗಿರಲಿಲ್ಲ. ಮೊದಲ ಮಹಾಯುದ್ಧ ಮುಗಿದಿತ್ತು, ಕಡಲು ಶಾಂತವಾಗಿತ್ತು, ಶತ್ರು ಯಾರೂ ಇರಲಿಲ್ಲ. ಒಂದು ವಾಲ್ವ್ ಮುಚ್ಚಬೇಕಾದ ಹೊತ್ತಿಗೆ ಮುಚ್ಚಲಿಲ್ಲ, ಅಷ್ಟೇ.

ಆ ವಾಲ್ವ್ ಅಲ್ಲಿ ಯಾಕಿತ್ತು ಎನ್ನುವುದಕ್ಕೆ ಇಪ್ಪತ್ತು ವರ್ಷ ಹಿಂದೆ ಹೋಗಬೇಕು.

ಅಮೆರಿಕದ ನೌಕಾಪಡೆ ತನ್ನ ಮೊದಲ ಸಬ್‌ಮರೀನನ್ನು ಕೊಂಡದ್ದು 1900ರ ಏಪ್ರಿಲ್ 11ರಂದು, ಒಂದೂವರೆ ಲಕ್ಷ ಡಾಲರ್ ಕೊಟ್ಟು. ಅದನ್ನು ಕಟ್ಟಿದವನು ಐರ್ಲೆಂಡಿನಿಂದ ವಲಸೆ ಬಂದ ಶಾಲಾಮಾಸ್ತರ ಜಾನ್ ಹಾಲೆಂಡ್. ಹಡಗಿಗೂ ಅವನದೇ ಹೆಸರು. ಐವತ್ತನಾಲ್ಕು ಅಡಿಗೆ ಎರಡು ಇಂಚು ಕಡಿಮೆ ಉದ್ದದ ಆ ದೋಣಿಗೆ ಅವನು ಎರಡು ಯಂತ್ರ ಕೂರಿಸಿದ್ದ. ನೀರಿನ ಮೇಲೆ ಓಡಲು 45 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್, ಕೆಳಗೆ ಓಡಲು ಬ್ಯಾಟರಿಯ ಮೋಟರ್. ಎಂಜಿನ್‌ಗೆ ಗಾಳಿ ಬೇಕು, ಮೋಟರ್‌ಗೆ ಬೇಡ. ಆದರೆ ಬ್ಯಾಟರಿ ಬೇಗ ಬರಿದಾಗುತ್ತದೆ, ಅದಕ್ಕೆ ಮತ್ತೆ ಜೀವ ತುಂಬಲು ಎಂಜಿನ್ ಓಡಬೇಕು, ಎಂಜಿನ್ ಓಡಲು ಮೇಲೆ ಬರಬೇಕು. ಈ ಗಂಟನ್ನು ಬಿಡಿಸಲು ಅರ್ಧ ಶತಮಾನ ಯಾರಿಂದಲೂ ಆಗಲಿಲ್ಲ. ಹೆಸರಿಗೆ ಸಬ್‌ಮರೀನ್ ಆದರೂ ಆ ಕಾಲದ ಈ ಹಡಗುಗಳು ಬಹುಪಾಲು ಹೊತ್ತು ನೀರಿನ ಮೇಲೆಯೇ ಓಡುತ್ತಿದ್ದವು. ಬೇಕೆಂದಾಗ ಕೆಲವು ಗಂಟೆ ಅಡಗಿಕೊಳ್ಳಬಲ್ಲವು ಎಂಬುದೇ ಅವುಗಳ ಹೆಚ್ಚುಗಾರಿಕೆ.

ಪೆಟ್ರೋಲಿನ ಆವಿ ಮುಚ್ಚಿದ ಉಕ್ಕಿನ ಕೊಳವೆಯಲ್ಲಿ ಎಂಥ ಅಪಾಯವೆಂದು ಬಿಡಿಸಿ ಹೇಳಬೇಕಿಲ್ಲ. 1912ರ ಹೊತ್ತಿಗೆ ಅಮೆರಿಕದ ಹೊಸ ದೋಣಿಗಳಿಗೆ ಡೀಸೆಲ್ ಎಂಜಿನ್ ಬಂತು. ಅಲ್ಲಿಗೆ ಒಂದು ಭಯ ಹೋಯಿತು, ಬ್ಯಾಟರಿಯ ಭಯ ಉಳಿಯಿತು. 1915ರ ಮಾರ್ಚ್ 25ರಂದು ಹೊನಲುಲು ಬಳಿ ಎಫ್-4 ಮುಳುಗಿ ಒಳಗಿದ್ದ ಇಪ್ಪತ್ತೊಂದೂ ಮಂದಿ ಸತ್ತರು. 300 ಅಡಿಗೂ ಹೆಚ್ಚು ಆಳದಿಂದ ಅದನ್ನು ಮೇಲೆತ್ತಿ ನೋಡಿದಾಗ, ಬ್ಯಾಟರಿಯ ಆಮ್ಲ ಸೋರಿ ಹಡಗಿನ ಮೈಯನ್ನು ಒಳಗಿಂದ ತಿಂದಿತ್ತೆಂಬ ತೀರ್ಮಾನಕ್ಕೆ ಬಂದರು. ಮುಳುಗಿದ ಸಬ್‌ಮರೀನಿನಿಂದ ಜನರನ್ನು ಜೀವಸಹಿತ ಹೊರತರುವ ಉಪಕರಣವಂತೂ ಆಗ ಆ ನೌಕಾಪಡೆಯ ಬಳಿ ಒಂದೂ ಇರಲಿಲ್ಲ. ಐದು ವರ್ಷದ ಮೇಲೂ ಇರಲಿಲ್ಲ.

ಯೂರೋಪಿನಲ್ಲಿ ಜರ್ಮನಿಯ ಯು-ಬೋಟುಗಳು ಹಡಗುಗಳನ್ನು ಸಾಲುಸಾಲಾಗಿ ಮುಳುಗಿಸುತ್ತಿದ್ದುದನ್ನು ನೋಡಿ ಅಮೆರಿಕಕ್ಕೆ ದೊಡ್ಡ ಸಬ್‌ಮರೀನಿನ ಆಸೆ ಹುಟ್ಟಿತು. ಬಂದರಿನ ಬಾಯಲ್ಲಿ ಕಾವಲು ನಿಲ್ಲುವ ಪುಟ್ಟ ದೋಣಿಗಳು ಸಾಲವು, ನಡುಗಡಲಿಗೆ ಹೋಗಿ ಬರುವಂಥದ್ದು ಬೇಕು. ಹಾಗೆ ಬಂದದ್ದು ಎಸ್ ವರ್ಗ. ವಿನ್ಯಾಸವನ್ನು ಒಬ್ಬರಿಗೇ ಒಪ್ಪಿಸದೆ ಮೂವರಿಗೆ ಕೊಟ್ಟರು. ಎಸ್-1 ಹಾಲೆಂಡಿನ ವಾರಸುದಾರನಾದ ಎಲೆಕ್ಟ್ರಿಕ್ ಬೋಟ್ ಕಂಪನಿಯದು. ಎಸ್-2, ಹಾಲೆಂಡಿನ ಹಳೆಯ ಎದುರಾಳಿ ಸೈಮನ್ ಲೇಕ್‌ನ ಕಂಪನಿಯದು. ಕಡಲ ತಳದಲ್ಲಿ ಚಕ್ರದ ಮೇಲೆ ಉರುಳುವ ಸಬ್‌ಮರೀನ್ ಕಟ್ಟಿದ ಪುಣ್ಯಾತ್ಮ ಈ ಲೇಕ್. ಅವನ ಮೇಲೇ ಇನ್ನೊಂದು ಲೇಖನ ಬರೆಯಬಹುದು. ಮೂರನೆಯದು, ಎಸ್-3, ಸ್ವತಃ ನೌಕಾಪಡೆಯ ವಿನ್ಯಾಸಕರದು. ಇಬ್ಬರು ಖಾಸಗಿ ಸಾಹುಕಾರರ ಜಗಳ, ಪೇಟೆಂಟು, ಬೆಲೆ ಇವುಗಳಿಂದ ರೋಸಿಹೋಗಿ ಸರ್ಕಾರ ತಾನೇ ಅಖಾಡಕ್ಕಿಳಿದಿತ್ತು ಎಂದು ನನಗನ್ನಿಸುತ್ತದೆ.

ಎಸ್-5 ಹುಟ್ಟಿದ್ದು ಈ ಮೂರನೆಯ ಅಚ್ಚಿನಲ್ಲಿ. ಮೇನ್ ರಾಜ್ಯದ ಕಿಟರಿಯಲ್ಲಿರುವ ಪೋರ್ಟ್ಸ್‌ಮತ್ ನೌಕಾ ಯಾರ್ಡಿನಲ್ಲಿ 1917ರ ಡಿಸೆಂಬರ್ 4ರಂದು ಕೆಲಸ ಶುರುವಾಗಿ, 1919ರ ನವೆಂಬರ್ 10ರಂದು ನೀರಿಗಿಳಿದು, 1920ರ ಮಾರ್ಚ್ 6ರಂದು ಸೇವೆಗೆ ಸೇರಿತು. ಆ ಯಾರ್ಡಿಗೂ ಇದು ಹೊಸ ವಿದ್ಯೆಯೇ. ಸರ್ಕಾರಿ ಯಾರ್ಡೊಂದು ಕಟ್ಟಿದ ಮೊದಲ ಅಮೆರಿಕನ್ ಸಬ್‌ಮರೀನ್ ಎಲ್-8 ಅಲ್ಲಿ ನೀರಿಗಿಳಿದದ್ದು 1917ರಲ್ಲಿ. ಎಸ್-5ರ ಉದ್ದ 231 ಅಡಿ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅಗಲ ಸುಮಾರು 22 ಅಡಿ. ನೀರಿನ ಮೇಲೆ 876 ಟನ್, ಮುಳುಗಿದಾಗ 1092 ಟನ್. ಮೂತಿಯಲ್ಲಿ ನಾಲ್ಕು ಟಾರ್ಪಿಡೊ ನಳಿಗೆ, ಮೇಲ್ಗಡೆ ಒಂದು ನಾಲ್ಕಿಂಚಿನ ಫಿರಂಗಿ.

ಒಳಗೆ ಮುಂದಿನಿಂದ ಹಿಂದಕ್ಕೆ ನಡೆದರೆ ಮೊದಲು ಟಾರ್ಪಿಡೊ ಕೋಣೆ, ಆಮೇಲೆ ಬ್ಯಾಟರಿ ಕೋಣೆ. ಸೀಸ ಮತ್ತು ಆಮ್ಲದ ಬ್ಯಾಟರಿಗಳು ನೆಲದಡಿ ಇರುತ್ತಿದ್ದವು, ಅವುಗಳ ಮೇಲೆಯೇ ಜನ ಮಲಗಿ ಉಂಡು ಬದುಕುತ್ತಿದ್ದರು. ನಂತರ ನಿಯಂತ್ರಣ ಕೋಣೆ, ಅಲ್ಲಿ ಚಕ್ರಗಳು, ಸನ್ನೆಕೋಲುಗಳು, ಪೆರಿಸ್ಕೋಪು. ಅದರ ಹಿಂದೆ ಡೀಸೆಲ್ ಎಂಜಿನ್ನುಗಳು, ಅದರ ಹಿಂದೆ ಮೋಟರ್ ಕೋಣೆ. ಕಟ್ಟಕಡೆಗೆ ಬಾಲದ ತುದಿಯಲ್ಲಿ, ಚುಕ್ಕಾಣಿ ತಿರುಗಿಸುವ ಯಂತ್ರಕ್ಕಾಗಿ ಮಾಡಿದ ಒಂದು ಇಕ್ಕಟ್ಟಿನ ಗೂಡು. ಅಲ್ಲಿ ಯಾರೂ ಇರುತ್ತಿರಲಿಲ್ಲ, ಎಣ್ಣೆ ಬಿಡಲು ಒಬ್ಬ ತೆವಳಿಕೊಂಡು ಹೋಗಿಬರುತ್ತಿದ್ದ. ಕೋಣೆಗಳ ನಡುವೆ ಉಕ್ಕಿನ ಅಡ್ಡಗೋಡೆ, ನೀರು ನುಸುಳದ ಬಾಗಿಲು. ಈ ಉದ್ದನೆಯ ಕೊಳವೆಯಲ್ಲಿ ಡೀಸೆಲ್, ಬೆವರು, ಬೇಯಿಸಿದ ಎಲೆಕೋಸು ಎಲ್ಲ ಸೇರಿದ ವಾಸನೆಯಲ್ಲಿ ಸುಮಾರು ನಲವತ್ತು ಮಂದಿಯ ಸಂಸಾರ. ನಾವಿಕರು ಈ ಹಡಗುಗಳನ್ನು ‘ಹಂದಿ ದೋಣಿ’ ಎನ್ನುತ್ತಿದ್ದುದು ಸುಮ್ಮನೆ ಅಲ್ಲ.

ಇನ್ನು ಆ ವಾಲ್ವ್. ಎರಡು ಡೀಸೆಲ್ ಎಂಜಿನ್ನುಗಳು ಪೂರ್ತಿ ವೇಗದಲ್ಲಿ ಓಡುವಾಗ ಎಳೆದುಕೊಳ್ಳುವ ಗಾಳಿ ಅಷ್ಟಿಷ್ಟಲ್ಲ. ಅದಕ್ಕಾಗಿ ಹಡಗಿನ ಬೆನ್ನ ಮೇಲೆ ಒಂದು ಅಗಲ ಬಾಯಿಯ ಕೊಳವೆ. ಹಡಗಿನ ಮೂಗು ಎನ್ನಿ. ಅದೇ ಕೊಳವೆಯಿಂದ ಕವಲುಗಳು ಹೊರಟು ಎಲ್ಲ ಕೋಣೆಗಳಿಗೂ ಜನ ಉಸಿರಾಡುವ ಗಾಳಿಯನ್ನು ಹಂಚುತ್ತಿದ್ದವು. ಮುಳುಗುವ ಮುನ್ನ ಈ ಮೂಗನ್ನು ಮುಚ್ಚಲೇಬೇಕು. ತೀರಾ ಮುಂಚೆ ಮುಚ್ಚುವ ಹಾಗೂ ಇಲ್ಲ. ಎಂಜಿನ್ ಇನ್ನೂ ತಿರುಗುತ್ತಿರುವಾಗ ಮುಚ್ಚಿಬಿಟ್ಟರೆ ಅದು ಹಡಗಿನೊಳಗಿನ ಗಾಳಿಯನ್ನೇ ಎಳೆಯತೊಡಗುತ್ತದೆ, ಕಿವಿ ಸಿಡಿಯುವ ಹಾಗಾಗುತ್ತದೆ. ಹಾಗಾಗಿ ಎಂಜಿನ್ ನಿಂತಿತು ಎಂದು ಗೊತ್ತಾದ ಮೇಲೆ, ನೀರು ಕೊಳವೆಯ ಬಾಯಿಗೆ ಬರುವುದರೊಳಗೆ ಮುಚ್ಚಬೇಕು. ನಡುವೆ ಸಿಗುವುದು ಕೆಲವೇ ಸೆಕೆಂಡು. ಅಷ್ಟು ಹೊತ್ತು ನಲವತ್ತು ಜನರ ಜೀವ ಒಬ್ಬ ಮನುಷ್ಯನ ಕೈಯಲ್ಲಿ, ಒಂದು ಸನ್ನೆಕೋಲಿನ ಮೇಲೆ ನಿಂತಿರುತ್ತಿತ್ತು. ಇದು ಯಾರದೋ ಅಜಾಗರೂಕತೆ ಎನ್ನುವ ಮೊದಲು, ಹೀಗೆ ಕಟ್ಟಿದ ಹಡಗಿನಲ್ಲಿ ಇಂದಲ್ಲ ನಾಳೆ ಒಬ್ಬನ ಕೈ ತಡವಾಗಿಯೇ ಆಗುತ್ತಿತ್ತು ಎಂದು ಒಪ್ಪಿಕೊಳ್ಳುವುದು ನ್ಯಾಯ.

ಎಸ್-5ರ ಕಮಾಂಡರ್ ಚಾರ್ಲ್ಸ್ ಕುಕ್, ಮೂವತ್ತಮೂರು ವರ್ಷದವನು. ಆರ್ಕನ್ಸಾದ ಫೋರ್ಟ್ ಸ್ಮಿತ್ ಊರಿನವನು. ಆ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿಕೊಂಡೇ ನೌಕಾ ಅಕಾಡೆಮಿಗೆ ಬಂದಿದ್ದ. ಬುದ್ಧಿವಂತ ಎಂಬ ಅರ್ಥದ ‘ಸ್ಯಾವಿ’ ಎನ್ನುವುದು ಗೆಳೆಯರಿಟ್ಟ ಅಡ್ಡಹೆಸರು. 1920ರ ಆಗಸ್ಟ್ 30ರಂದು ಅವನ ಹಡಗು ಬಾಸ್ಟನ್ ಬಿಟ್ಟಿತು. ಹೋಗಬೇಕಾದದ್ದು ಬಾಲ್ಟಿಮೋರಿಗೆ, ಹೊಸ ಹುಡುಗರನ್ನು ನೌಕಾಪಡೆಗೆ ಸೆಳೆಯುವ ಪ್ರಚಾರಕ್ಕೆ. ಮದುವೆ ಮನೆಗೆ ಹೋಗುವಷ್ಟೇ ನಿರುಮ್ಮಳದ ಪ್ರಯಾಣ. ದಾರಿಯಲ್ಲಿ ಪೂರ್ಣ ವೇಗದ ಪರೀಕ್ಷೆ, ಅದಾದ ಮೇಲೆ ದಿಢೀರನೆ ಮುಳುಗುವ ಅಭ್ಯಾಸ. ಯುದ್ಧದಲ್ಲಿ ಶತ್ರು ಕಣ್ಣಿಗೆ ಬಿದ್ದ ಕೂಡಲೇ ಎಷ್ಟು ಬೇಗ ನೀರಿನಡಿ ಅಡಗಬಹುದು ಎಂಬುದರ ಮೇಲೆ ಸಬ್‌ಮರೀನಿನ ಆಯುಷ್ಯ ನಿಂತಿರುತ್ತದೆ.

ಸೆಪ್ಟೆಂಬರ್ 1ರ ಮಧ್ಯಾಹ್ನ ಕುಕ್ ಆ ಆಜ್ಞೆ ಕೊಟ್ಟ. ಗಾಳಿಯ ವಾಲ್ವ್ ಮುಚ್ಚುವ ಕೆಲಸ ಪರ್ಸಿ ಫಾಕ್ಸ್ ಎಂಬ ಹಳೆಯ ಹುಲಿಯದು. ಆ ಗಳಿಗೆಯಲ್ಲಿ ಅವನ ಗಮನ ಬೇರೆ ಯಾವುದೋ ಕೆಲಸದ ಕಡೆ ಹೊರಳಿತ್ತು. ಹಡಗು ಆಗಲೇ ಇಳಿಯುತ್ತಿದೆ, ವಾಲ್ವ್ ತೆರೆದೇ ಇದೆ ಎಂದು ಹೊಳೆದಾಗ ಗಾಬರಿಯಲ್ಲಿ ಸನ್ನೆಕೋಲನ್ನು ಇದ್ದ ಬಲವೆಲ್ಲ ಹಾಕಿ ಎಳೆದ. ವಾಲ್ವ್ ಅರ್ಧದಲ್ಲೇ ಕಚ್ಚಿಕೊಂಡಿತು. ಅತ್ತ ಮುಚ್ಚಲೂ ಇಲ್ಲ, ಇತ್ತ ಬಿಡಲೂ ಇಲ್ಲ.

ಉಸಿರಾಟಕ್ಕೆಂದು ಮಾಡಿದ ಕವಲು ಕೊಳವೆಗಳಲ್ಲೆಲ್ಲ ಈಗ ಕಡಲು. ಒಂದೊಂದು ಕೋಣೆಯ ಸೂರಿನಿಂದಲೂ ನೀರು ಧುಮ್ಮಿಕ್ಕಿತು. ಪ್ರತಿ ಕವಲಿಗೂ ಪ್ರತ್ಯೇಕ ವಾಲ್ವ್ ಇತ್ತು. ಮಿಕ್ಕ ಕೋಣೆಗಳವರು ಹೇಗೋ ತಿರುಗಿಸಿ ಮುಚ್ಚಿದರು. ಮೂತಿಯ ಟಾರ್ಪಿಡೊ ಕೋಣೆಯಲ್ಲಿ ಮಾತ್ರ ಆಗಲಿಲ್ಲ. ಹಡಗು ಮೂತಿ ಕೆಳಗೆ ಮಾಡಿ ಇಳಿಯುತ್ತಿತ್ತು, ನೀರೆಲ್ಲ ಅಲ್ಲಿಗೇ ಹರಿಯುತ್ತಿತ್ತು. ಅಲ್ಲಿದ್ದವರು ಹೊರಗೆ ಬಂದು ಬಾಗಿಲು ಬಿಗಿದರು. ಹಡಗು ಹೋಗಿ ತಳಕ್ಕೆ ಕೂತಾಗ ಆಳದ ಮಾಪಕ ತೋರಿಸಿದ್ದು ಸುಮಾರು 180 ಅಡಿ.

ಸತ್ತವರು ಯಾರೂ ಇಲ್ಲ. ಆದರೆ ಮೂತಿಯ ಕೋಣೆಯಲ್ಲಿ ಟನ್ನುಗಟ್ಟಲೆ ನೀರು, ಅಷ್ಟೂ ಭಾರ ಮುಂದುಗಡೆ. ಮೇಲೇಳಲು ಮಾಡಿದ ಮೊದಲ ಯತ್ನಗಳು ಫಲಿಸಲಿಲ್ಲ. ಮೋಟರೊಂದು ಶಾರ್ಟ್ ಆಯಿತು, ಪಂಪುಗಳು ಕೈಕೊಟ್ಟವು. ಮೇಲಿನವರಿಗೆ ಸುದ್ದಿ ಮುಟ್ಟಿಸುವ ದಾರಿಯಿಲ್ಲ. ಬಾಲ್ಟಿಮೋರಿಗೆ ಬರಬೇಕಾದ ಹಡಗು ಬರಲಿಲ್ಲವಲ್ಲ ಎಂದು ಯಾರಾದರೂ ಯೋಚಿಸುವಷ್ಟರಲ್ಲಿ ಒಳಗಿನ ಗಾಳಿ ಮುಗಿದಿರುತ್ತದೆ.

ಕುಕ್ ಬಾಲದ ಕಡೆಯ ತೊಟ್ಟಿಗಳಿಗೆ ಗಾಳಿ ಊದಿಸಿದ. ಹಿಂಭಾಗ ಹಗುರವಾದರೆ ಮೂತಿ ಕೆಸರಿನಿಂದ ಕಿತ್ತುಕೊಂಡೀತು ಎಂಬ ಆಸೆ. ಬಾಲ ಎದ್ದಿತು, ಎದ್ದದ್ದು ನಿಲ್ಲಲೇ ಇಲ್ಲ. ಹಡಗು ಒಂದೇ ಸಮನೆ ವಾಲುತ್ತಾ ವಾಲುತ್ತಾ, ಮೂತಿಯನ್ನು ಕಡಲ ತಳಕ್ಕೆ ಊರಿ, ಸುಮಾರು 60 ಡಿಗ್ರಿಯಲ್ಲಿ ನಿಂತುಬಿಟ್ಟಿತು. ನೆಲವಾಗಿದ್ದದ್ದು ಗೋಡೆಯಾಯಿತು. ಜನ, ಪಾತ್ರೆಪಡಗ, ಸಲಕರಣೆ, ಹಲಗೆ, ತಳದಲ್ಲಿ ನಿಂತಿದ್ದ ಎಣ್ಣೆ ಬೆರೆತ ನೀರು, ಎಲ್ಲ ಉರುಳಿಕೊಂಡು ಮುಂದಕ್ಕೆ, ಅಂದರೆ ಈಗ ಕೆಳಕ್ಕೆ, ಬಿದ್ದವು. ಆ ಉಪ್ಪುನೀರು ಬ್ಯಾಟರಿಗಳನ್ನು ಮುಟ್ಟಿತು. ಉಪ್ಪುನೀರಿಗೆ ಬ್ಯಾಟರಿಯ ಆಮ್ಲ ಸೇರಿದರೆ ಹುಟ್ಟುವುದು ಕ್ಲೋರಿನ್. ಆರು ವರ್ಷ ಹಿಂದಿನವರೆಗೆ ಅದು ಬಟ್ಟೆ ಬಿಳುಪು ಮಾಡುವ ಅನಿಲವಾಗಿತ್ತು. 1915ರಲ್ಲಿ ಯೂರೋಪಿನ ಯುದ್ಧಭೂಮಿ ಈಪ್ರ್‌ನ ಕಂದಕಗಳ ಮೇಲೆ ಜರ್ಮನರು ಬಿಟ್ಟ ಮೇಲೆ ಅದರ ಹೆಸರು ಕೇಳಿದರೇ ಸೈನಿಕರು ಬೆವರುತ್ತಿದ್ದರು. ಕೆಳಗಿನ ಕೋಣೆಯಲ್ಲಿ ಸಿಕ್ಕಿದ್ದವರನ್ನು ಬಾವಿಯಿಂದ ಸೇದುವ ಹಾಗೆ ಮೇಲೆಳೆದುಕೊಂಡು, ಬಾಗಿಲು ಮುಚ್ಚಿ, ಎಲ್ಲರೂ ಹಿಂದಿನ ಕೋಣೆಗಳಿಗೆ ಹತ್ತಿದರು. ನಡೆದು ಹೋಗುತ್ತಿದ್ದ ದಾರಿಯನ್ನು ಈಗ ಮರ ಹತ್ತಿದಂತೆ ಹತ್ತಬೇಕಿತ್ತು.

ಇಲ್ಲಿ ಕುಕ್ ಮಾಡಿದ ಲೆಕ್ಕ ನನಗೆ ಈ ಇಡೀ ಪ್ರಸಂಗದಲ್ಲಿ ಎಲ್ಲಕ್ಕಿಂತ ಇಷ್ಟ. ಅಡಿಕೆ ತೋಟದ ದೋಟಿಯನ್ನು ನೆನೆಸಿಕೊಳ್ಳಿ. 231 ಅಡಿ ಉದ್ದದ ದೋಟಿಯೊಂದನ್ನು ನೆಲಕ್ಕೆ 60 ಡಿಗ್ರಿ ಕೋನದಲ್ಲಿ ವಾಲಿಸಿ ನಿಲ್ಲಿಸಿದರೆ ಅದರ ಮೇಲ್ತುದಿ ನೆಲದಿಂದ ಎಷ್ಟೆತ್ತರ? ಹೈಸ್ಕೂಲಿನ ತ್ರಿಕೋನಮಿತಿ ಮರೆಯದವರು ಬೆರಳೆಣಿಸಿ ಹೇಳಬಹುದು, 200 ಅಡಿ. ನೀರಿನ ಆಳ 180. ಅಂದರೆ ಹಡಗಿನ ಬಾಲದ ತುದಿ ಆ ಗಳಿಗೆಯಲ್ಲಿ ನೀರಿನಿಂದ ಹೊರಗೆ, ಬಿಸಿಲಿನಲ್ಲಿ, ಗಾಳಿಯಲ್ಲಿ ನಿಂತಿದೆ. ಒಳಗೆ ಕತ್ತಲಲ್ಲಿ ಕ್ಲೋರಿನ್ನಿಗೆ ಕೆಮ್ಮುತ್ತಿರುವ ನಲವತ್ತು ಮಂದಿಗೂ ಬಯಲಿನ ಗಾಳಿಗೂ ನಡುವೆ ಇರುವುದು ಒಂದು ಪದರ ಉಕ್ಕು ಮಾತ್ರ. ಬೇರೆ ಸಮಯದಲ್ಲಿ ಒಬ್ಬ ತೆವಳಿ ಹೋಗುತ್ತಿದ್ದ ಆ ಚುಕ್ಕಾಣಿ ಗೂಡು ಈಗ ಹಡಗಿನ ಅಟ್ಟವಾಗಿತ್ತು.

ಹಲಸಿನ ಹಣ್ಣನ್ನು ತಟ್ಟಿ ನೋಡುವಂತೆ ಆ ಗೂಡಿನ ಗೋಡೆಯನ್ನು ತಟ್ಟಿ ನೋಡಿದರು. ಹೊರಗೆ ಅಲೆಗಳು ಲೋಹಕ್ಕೆ ಬಡಿಯುವ ಸದ್ದು ಕೇಳಿಸಿತು. ಮುಳುಗಿದ ಮೈಗೆ ಅಲೆ ಬಡಿಯುವುದಿಲ್ಲ. ಲೆಕ್ಕ ಸರಿಯಾಗಿತ್ತು.

ಕೊರೆಯಲು ಶುರು ಮಾಡಿದರು. ವಿದ್ಯುತ್ ಡ್ರಿಲ್ ಆ ತೇವದಲ್ಲಿ ಹೆಚ್ಚು ಹೊತ್ತು ನಡೆಯಲಿಲ್ಲ. ಆಮೇಲೆ ಕೈಯಿಂದ ತಿರುಗಿಸುವ ಡ್ರಿಲ್. ಕಡಲ ಆಳದ ಒತ್ತಡ ತಡೆಯಲೆಂದೇ ಆರಿಸಿ ಹಾಕಿದ ಗಟ್ಟಿ ಉಕ್ಕು ಅದು. ಕಟ್ಟಿದವರು ಎಷ್ಟು ಪ್ರಾಮಾಣಿಕವಾಗಿ ಕಟ್ಟಿದ್ದರೋ ಒಳಗಿನವರಿಗೆ ಅಷ್ಟೇ ಕಷ್ಟವಾಯಿತು. ಗೂಡಿನಲ್ಲಿ ಇಬ್ಬರು ಮೂವರಿಗಿಂತ ಹೆಚ್ಚು ಹಿಡಿಸುವುದಿಲ್ಲ. ನೆಟ್ಟಗೆ ನಿಲ್ಲಲು ನೆಲವಿಲ್ಲ, ಯಂತ್ರದ ತುಂಡುಗಳ ಮೇಲೆ ಕಾಲು ಕೊಟ್ಟು ಒರಗಿಕೊಂಡು ತಿರುಗಿಸಬೇಕು. ಸ್ವಲ್ಪ ಹೊತ್ತಿಗೇ ಸುಸ್ತು. ಒಬ್ಬ ಇಳಿಯುತ್ತಾನೆ, ಇನ್ನೊಬ್ಬ ಹತ್ತುತ್ತಾನೆ. ಕೆಳಗೆ ಕಾಯುವವರಿಗೆ ಮಾತು ಬೇಡ, ಅಲುಗಾಟ ಬೇಡ, ಉಸಿರನ್ನು ಉಳಿಸಿ ಎಂದು ಅಪ್ಪಣೆ. ಬಿಟ್ಟ ಉಸಿರೇ ಕೋಣೆ ತುಂಬಿಕೊಳ್ಳುತ್ತಿತ್ತು. ತಲೆ ಸಿಡಿಯುತ್ತಿತ್ತು, ಎಚ್ಚರ ಮಂಕಾಗುತ್ತಿತ್ತು.

ಮೊದಲ ಸಣ್ಣ ತೂತು ಬಿತ್ತು. ಕಡ್ಡಿ ತೂರುವಷ್ಟು. ಅದರ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು. ನಡುವಿನ ಲೋಹವನ್ನು ಉಳಿಯಿಂದ ಕಡಿದು ಸೇರಿಸುವುದು. ರಾತ್ರಿ ಕಳೆಯಿತು, ಬೆಳಗಾಯಿತು. ಇಡೀ ರಾತ್ರಿಯ ದುಡಿಮೆಯಲ್ಲಿ ಆದದ್ದು ಕೆಲವೇ ಇಂಚಿನ ಕಿಂಡಿ. ಕೈ ಹೊರಹಾಕಬಹುದು, ತಲೆ ತೂರದು. ಅದರ ಮೂಲಕ ಕಂಡದ್ದು ಬರೀ ಕಡಲು. ಹಡಗುಗಳು ದೂರದಲ್ಲಿ ಹಾದುಹೋದರೂ, ನೀರಿನಿಂದ ಹದಿನೇಳು ಅಡಿ ಮೇಲೆದ್ದು ನಿಂತ ಈ ಉಕ್ಕಿನ ಮೊಂಡುತುದಿ ಏನೆಂದು ಯಾರಿಗೆ ಹೊಳೆಯಬೇಕು? ಒಂದು ಕೊಳವೆಯ ತುದಿಗೆ ಬಿಳಿ ಬನಿಯನ್ ಕಟ್ಟಿ ಕಿಂಡಿಯಿಂದ ಹೊರಚಾಚಿ ಬೀಸಿದರು.

ಸೆಪ್ಟೆಂಬರ್ 2ರ ಮಧ್ಯಾಹ್ನ ಅದನ್ನು ನೋಡಿದ್ದು ಅಲಾಂಥಸ್ ಎಂಬ ಮರದ ಉಗಿಹಡಗು. ಯುದ್ಧಕಾಲದ ಅವಸರದಲ್ಲಿ ಕಟ್ಟಿ, ಈಗ ಬೇಡವಾಗಿ, ಮೂಲೆಗೆ ಹಾಕಲು ಒಯ್ಯುತ್ತಿದ್ದ ಹಡಗು. ಅದರ ಕೊನೆಯ ಪಯಣ ಅದು. ಕ್ಯಾಪ್ಟನ್ ಎಡ್ವರ್ಡ್ ಜಾನ್ಸನ್. ದೂರಕ್ಕೆ ತೇಲುಬುರುಡೆಯಂತೆ ಕಂಡಿತು, ಆದರೆ ಇಷ್ಟು ಆಚೆಯ ಕಡಲಲ್ಲಿ ತೇಲುಬುರುಡೆ ಎಲ್ಲಿಂದ ಬರಬೇಕು? ಕ್ಯಾಪ್ಟನ್ ಹಡಗು ತಿರುಗಿಸಿದ, ಸಣ್ಣ ದೋಣಿಯಲ್ಲಿ ತಾನೇ ಹತ್ತಿರ ಹೋದ. ಆಮೇಲಿನ ಸಂಭಾಷಣೆ ಅಮೆರಿಕದ ಪತ್ರಿಕೆಗಳಲ್ಲಿ ಬಂದು ಮನೆಮಾತಾಯಿತು. ಯಾವ ಹಡಗು ಎಂದು ಕೇಳಿದರೆ ಕಿಂಡಿಯೊಳಗಿಂದ ಎಸ್-5 ಎಂದು ಉತ್ತರ. ಯಾವ ದೇಶದ್ದು ಎಂದರೆ ಅಮೆರಿಕ. ಎಲ್ಲಿಗೆ ಹೊರಟಿದ್ದೀರಿ ಎಂಬ ಮಾಮೂಲು ಪ್ರಶ್ನೆಗೆ ಕುಕ್ ಕೊಟ್ಟ ಉತ್ತರ, ದಿಕ್ಸೂಚಿ ಹೇಳುವ ಪ್ರಕಾರ ನರಕಕ್ಕೆ. ಇಪ್ಪತ್ತನಾಲ್ಕು ಗಂಟೆ ಕೆಟ್ಟ ಗಾಳಿ ಕುಡಿದವನ ಬಾಯಲ್ಲಿ ಇಷ್ಟು ಕುಚೇಷ್ಟೆ ಉಳಿದಿತ್ತಲ್ಲ ಎಂದು ಆಶ್ಚರ್ಯ.

ಸಿಕ್ಕ ಸಹಾಯವೂ ಬಡಪಾಯಿಯದೇ. ಅಲಾಂಥಸ್‌ನಲ್ಲಿ ರೇಡಿಯೊ ನಡೆಸುವವನಿರಲಿಲ್ಲ, ಉಕ್ಕು ಕತ್ತರಿಸುವ ಸಲಕರಣೆ ಇರಲಿಲ್ಲ. ಜಾನ್ಸನ್ ತನ್ನ ಕೈಲಾದದ್ದನ್ನು ಮಾಡಿದ. ಎಸ್-5ರ ಬಾಲ ಮತ್ತೆ ಜಾರಿ ಮುಳುಗದಂತೆ ಉಕ್ಕಿನ ಹಗ್ಗ ಸುತ್ತಿ ತನ್ನ ಹಡಗಿಗೆ ಬಿಗಿದ. ಕಿಂಡಿಯಿಂದ ಒಳಗೆ ಕುಡಿಯುವ ನೀರು ಕಳಿಸಿದ, ಕೊಳವೆಯಿಂದ ಗಾಳಿ ಊದಿಸಿದ. ಮತ್ತೆ ಯಾರಾದರೂ ಹಾದುಹೋಗುತ್ತಾರೇನೋ ಎಂದು ಸಂಕೇತದ ಬಾವುಟ ಏರಿಸಿ ಕಾದ.

ಸಂಜೆಯ ಹೊತ್ತಿಗೆ ಬಂದದ್ದು ಜನರಲ್ ಗೋಥಲ್ಸ್. ಪನಾಮಾ ಕಾಲುವೆ ಕಟ್ಟಿಸಿದ ಎಂಜಿನಿಯರನ ಹೆಸರು ಹೊತ್ತ, ಪನಾಮಾ ರೈಲ್ವೆ ಕಂಪನಿಯ ಹಡಗು. ಅದರಲ್ಲಿ ರೇಡಿಯೊ ಇತ್ತು. ಅದು ಬಿತ್ತರಿಸಿದ ಸುದ್ದಿಯನ್ನು ಕನೆಕ್ಟಿಕಟ್ ರಾಜ್ಯದ ಫಾರ್ಮಿಂಗ್ಟನ್ನಿನ ಹವ್ಯಾಸಿಯೊಬ್ಬ ತನ್ನ ಮನೆಯ ರೇಡಿಯೊದಲ್ಲಿ ಹಿಡಿದು ನೌಕಾಪಡೆಗೆ ಮುಟ್ಟಿಸಿದ. ಅಮೆರಿಕದ ಪ್ರಬಲ ನೌಕಾಪಡೆಗೆ ತನ್ನದೇ ಸಬ್‌ಮರೀನ್ ಮುಳುಗಿರುವ ವಿಷಯ ಗೊತ್ತಾದದ್ದು ಹೀಗೆ.

ಯುದ್ಧನೌಕೆಗಳು ಬರುವ ತನಕ ಕಾಯುವ ವ್ಯವಧಾನ ಒಳಗಿನವರಿಗಿರಲಿಲ್ಲ. ಗೋಥಲ್ಸ್‌ನ ಮುಖ್ಯ ಎಂಜಿನಿಯರ್ ವಿಲಿಯಂ ಗ್ರೇಸ್ ತನ್ನ ಸಹಾಯಕನನ್ನು ಕರೆದುಕೊಂಡು, ಹಡಗಿನ ರಿಪೇರಿ ಕೆಲಸದ ರ‍್ಯಾಚೆಟ್ ಡ್ರಿಲ್ ಹಿಡಿದು ಬಂದ. ಈ ಡ್ರಿಲ್ಲಿನ ಹಿಡಿಕೆಯನ್ನು ಹಿಂದೆ ಮುಂದೆ ಆಡಿಸುತ್ತಾ ಹೋಗಬೇಕು, ಪ್ರತಿ ಎಳೆತಕ್ಕೂ ಅದು ಕೂದಲೆಳೆಯಷ್ಟು ಕೊರೆಯುತ್ತದೆ. ಗ್ರೇಸ್ ಉಕ್ಕಿನ ಮೇಲೆ ಒಂದು ಸುತ್ತು ಗುರುತು ಹಾಕಿ, ಅದರ ಗುಂಟ ಒಂದರ ಪಕ್ಕ ಒಂದು ತೂತು ಹಾಕುತ್ತಾ ಹೋದ. ಹೊತ್ತು ಮುಳುಗಿತು, ದೀಪ ಹಿಡಿದರು. ಹಿಡಿಯಲು ಸರಿಯಾದ ಆಧಾರವಿಲ್ಲ, ಕೆಳಗೆ ಕಡಲು. ಒಳಗಿನಿಂದ ಆಗಾಗ ಒಂದು ದನಿ, ಇನ್ನೆಷ್ಟು ಹೊತ್ತು ಎಂದು. ತೂತಿನ ಬಳೆ ಪೂರ್ತಿಯಾದ ಮೇಲೆ ನಡುವೆ ಉಳಿದ ಲೋಹದ ಹಲ್ಲುಗಳನ್ನು ಉಳಿ ಸುತ್ತಿಗೆಯಿಂದ ಮುರಿದು, ಸನ್ನೆ ಹಾಕಿ ತಟ್ಟೆಯನ್ನು ಕಿತ್ತರು.

ಮಧ್ಯರಾತ್ರಿ ಕಳೆದು, ಸೆಪ್ಟೆಂಬರ್ 3ರ ನಸುಕಿನಲ್ಲಿ, ಎಣ್ಣೆ ಮೆತ್ತಿದ ಮೈಗಳು ಒಂದೊಂದಾಗಿ ಆ ತೂತಿನಿಂದ ಹೊರಬಂದವು. ಎಲ್ಲರಿಗಿಂತ ಕೊನೆಗೆ ಕುಕ್. ಮುಳುಗಿ ಹೆಚ್ಚು ಕಡಿಮೆ ಒಂದೂವರೆ ದಿನ ಆಗಿತ್ತು. ಒಬ್ಬರೂ ಸತ್ತಿರಲಿಲ್ಲ.

ಬೆಳಕು ಹರಿದ ಮೇಲೆ ಒಹಾಯೊ ಎಂಬ ಯುದ್ಧನೌಕೆ ಎಸ್-5ರ ಬಾಲಕ್ಕೆ ಹಗ್ಗ ಕಟ್ಟಿ ಆಳ ಕಡಿಮೆಯಿರುವ ಕಡೆಗೆ ಎಳೆಯತೊಡಗಿತು. ಸ್ವಲ್ಪ ದೂರಕ್ಕೆ ಹಗ್ಗ ಹರಿಯಿತು. ಜನರನ್ನೆಲ್ಲ ಇಳಿಸಿದ ಮೇಲೆ ಇನ್ನು ತನ್ನ ಕೆಲಸವೇನು ಎಂಬಂತೆ ಹಡಗು ಮುಳುಗಿತು. ಮೇಲೆತ್ತುವ ಪ್ರಯತ್ನಗಳನ್ನು ಮುಂದಿನ ವರ್ಷದವರೆಗೆ ನಡೆಸಿ ಕೈಬಿಟ್ಟರು. 2001ರ ಜುಲೈಯಲ್ಲಿ ಅಮೆರಿಕದ ಸಾಗರ ಸಂಶೋಧನಾ ಸಂಸ್ಥೆಯ ವೈಟಿಂಗ್ ಹಡಗು ಸೋನಾರ್ ಬಿಟ್ಟು ಅದು ಮಲಗಿರುವ ಜಾಗವನ್ನು ಗುರುತಿಸಿತು.

ಎಸ್-5ರವರ ಅದೃಷ್ಟ ಅದರ ಒಡಹುಟ್ಟುಗಳಿಗಿರಲಿಲ್ಲ. 1925ರ ಸೆಪ್ಟೆಂಬರಿನಲ್ಲಿ ಸಿಟಿ ಆಫ್ ರೋಮ್ ಎಂಬ ಹಡಗು ಡಿಕ್ಕಿ ಹೊಡೆದು ಎಸ್-51 ಮುಳುಗಿತು, 33 ಮಂದಿ ಹೋದರು. 1927ರ ಡಿಸೆಂಬರ್ 17ರಂದು ಪ್ರಾವಿನ್ಸ್‌ಟೌನ್ ಬಳಿ ಎಸ್-4ಕ್ಕೂ ಅದೇ ಗತಿ. ಅದೇ ಪೋರ್ಟ್ಸ್‌ಮತ್ ಯಾರ್ಡಿನಲ್ಲಿ, ಅದೇ ಅಚ್ಚಿನಲ್ಲಿ, ಎಸ್-5ಕ್ಕಿಂತ ಸ್ವಲ್ಪವೇ ಮುಂಚೆ ಹುಟ್ಟಿದ ಅಕ್ಕ ಅದು. ಅದರ ಟಾರ್ಪಿಡೊ ಕೋಣೆಯಲ್ಲಿ ಬದುಕುಳಿದಿದ್ದ ಆರು ಮಂದಿ ಗೋಡೆ ಬಡಿದು ಮೇಲಿನವರಿಗೆ ಸಂಕೇತ ಕೊಡುತ್ತಾ ದಿನಗಟ್ಟಲೆ ಕಾದರು. ನೀರು ಕೇವಲ ನೂರು ಅಡಿ ಚಿಲ್ಲರೆ ಆಳ, ಆದರೆ ಬಿರುಗಾಳಿ. ನಲವತ್ತು ಮಂದಿಯೂ ಸತ್ತರು. ಹಡಗು ಸಮತಟ್ಟಾಗಿ ಮಲಗಿತ್ತು. ಬಾಲವೆತ್ತಿ ಮೇಲಿನ ಗಾಳಿಯನ್ನು ಮುಟ್ಟುವ ಅವಕಾಶ ಅವರಿಗೆ ಸಿಗಲಿಲ್ಲ. ಆ ಬಡಿತದ ಸದ್ದು ಪತ್ರಿಕೆಗಳ ಮೂಲಕ ಇಡೀ ದೇಶಕ್ಕೆ ಕೇಳಿಸಿದ ಮೇಲೆಯೇ ನೌಕಾಪಡೆ ಎಚ್ಚೆತ್ತಿತು. ಮುಳುಗಿದವರು ಎದೆಗೆ ಕಟ್ಟಿಕೊಂಡು ಮೇಲೇಳುವ ಮಾಮ್ಸನ್ ಉಸಿರುಚೀಲ, ಮೇಲಿನಿಂದ ಇಳಿಬಿಟ್ಟು ಜನರನ್ನು ಕರೆತರುವ ಮೆಕ್ಯಾನ್ ಗಂಟೆ, ಎರಡೂ ಅದರ ಮುಂದಿನ ವರ್ಷಗಳಲ್ಲಿ ಬಂದವು.

ವಾಲ್ವ್ ಮಾತ್ರ ತನ್ನ ಚಾಳಿ ಬಿಡಲಿಲ್ಲ. 1939ರ ಮೇ 23ರಂದು ಸ್ಕ್ವಾಲಸ್ ಎಂಬ ಹೊಚ್ಚ ಹೊಸ ಸಬ್‌ಮರೀನ್, ಅದೂ ಪೋರ್ಟ್ಸ್‌ಮತ್ ಯಾರ್ಡಿನದೇ, ತನ್ನ ಪರೀಕ್ಷಾ ಮುಳುಗಿಗೆ ಇಳಿಯಿತು. ಇಷ್ಟರಲ್ಲಿ, ಯಾವ ವಾಲ್ವ್ ತೆರೆದಿದೆ, ಯಾವುದು ಮುಚ್ಚಿದೆ ಎಂದು ದೀಪಗಳಲ್ಲಿ ತೋರಿಸುವ ಫಲಕ ಬಂದಿತ್ತು. ಎಲ್ಲ ದೀಪವೂ ಹಸಿರು. ಎಂಜಿನ್ನಿಗೆ ಗಾಳಿ ತರುವ ವಾಲ್ವ್ ಮಾತ್ರ ತೆರೆದೇ ಇತ್ತು. 26 ಮಂದಿ ಮುಳುಗಿ ಸತ್ತರು. 240 ಅಡಿ ಆಳದಲ್ಲಿ ಸಿಕ್ಕಿದ್ದ ಉಳಿದ 33 ಮಂದಿಯನ್ನು ಮೆಕ್ಯಾನ್ ಗಂಟೆ ನಾಲ್ಕು ಸರದಿಯಲ್ಲಿ ಮೇಲೆ ತಂದಿತು.

ಎಸ್ ವರ್ಗದ ಮುದಿ ಹಡಗುಗಳು ಎರಡನೇ ಮಹಾಯುದ್ಧದಲ್ಲೂ ದುಡಿದವು. ಎಸ್-44 ಜಪಾನಿನ ಕಾಕೊ ಕ್ರೂಸರನ್ನು 1942ರಲ್ಲಿ ಮುಳುಗಿಸಿತು. ಕುಕ್ ಅಷ್ಟರಲ್ಲಿ ದೊಡ್ಡ ಹಡಗುಗಳ ಲೋಕ ಸೇರಿದ್ದ. 1941ರ ಡಿಸೆಂಬರ್ 7ರ ಬೆಳಿಗ್ಗೆ ಪರ್ಲ್ ಹಾರ್ಬರ್ ಮೇಲೆ ಬಾಂಬುಗಳು ಬಿದ್ದಾಗ ಅಲ್ಲಿನ ಡ್ರೈ ಡಾಕಿನಲ್ಲಿದ್ದ ಪೆನ್ಸಿಲ್ವೇನಿಯ ಯುದ್ಧನೌಕೆಯ ಕ್ಯಾಪ್ಟನ್ ಅವನೇ. ಆ ದಾಳಿಯಿಂದಲೂ ಪಾರಾಗಿ, ಯುದ್ಧದ ಯೋಜನೆ ರೂಪಿಸುವವರಲ್ಲಿ ಒಬ್ಬನಾಗಿ, ಅಡ್ಮಿರಲ್ ಆಗಿ ನಿವೃತ್ತನಾದ. 1970ರಲ್ಲಿ ತೀರಿಕೊಂಡ.

ಗ್ರೇಸ್ ಕಿತ್ತ ಉಕ್ಕಿನ ತಟ್ಟೆ ಕಡಲು ಸೇರಲಿಲ್ಲ. ವಾಷಿಂಗ್ಟನ್ನಿನ ನೌಕಾಪಡೆ ವಸ್ತುಸಂಗ್ರಹಾಲಯದ ಪಾಲಾಯಿತು. ಅಂಚಿನ ಸುತ್ತಲೂ ಡ್ರಿಲ್ ಕೊರೆದ ಅರ್ಧಚಂದ್ರಗಳು, ಇಲಿ ಕಡಿದ ರೊಟ್ಟಿಯ ಹಾಗೆ.